ಹೊಟ್ಟೆ ತುಂಬಿತ್ತು, ಬಾಗಿಲು ತೆರೆಯಲಿಲ್ಲ

ಸೆಕೆಂಡ್‌ಹ್ಯಾಂಡ್ ಎಲೆಕ್ಟ್ರಿಕ್ ಕಾರು ತಂದು ಮೂರನೇ ವಾರ. ಬೆಳಿಗ್ಗೆ ಆರೂವರೆಗೆ ಹೊರಡಬೇಕಿತ್ತು. ಕೀಯ ಬಟನ್ ಒತ್ತಿದೆ. ದೀಪ ಮಿನುಗಲಿಲ್ಲ, ಕನ್ನಡಿ ಬಿಚ್ಚಿಕೊಳ್ಳಲಿಲ್ಲ. ಇನ್ನೊಮ್ಮೆ ಒತ್ತಿದೆ. ಹತ್ತಿರ ಹೋಗಿ ಕೀಯನ್ನು ಬಾಗಿಲಿಗೇ ತಾಗಿಸಿ ಒತ್ತಿದೆ. ಕಾರು ಬಂಡೆಯ ಹಾಗೆ ನಿಂತಿತ್ತು. ಹಿಂದಿನ ರಾತ್ರಿ ನೋಡಿದಾಗ ಬ್ಯಾಟರಿ 82 ಪರ್ಸೆಂಟ್ ಇತ್ತು. ಇನ್ನೂರೈವತ್ತು ಕಿಲೋಮೀಟರ್ ಓಡುವಷ್ಟು ಕರೆಂಟು ಹೊಟ್ಟೆಯಲ್ಲಿಟ್ಟುಕೊಂಡು, ತನ್ನ ಬಾಗಿಲನ್ನು ತಾನೇ ತೆರೆಯಲಾಗದೆ ನಿಂತಿತ್ತು ಅದು.

ಕಾರಣ ಗೊತ್ತಾದಾಗ ನಗು ಬಂತು, ಸಿಟ್ಟೂ ಬಂತು. ಎಲೆಕ್ಟ್ರಿಕ್ ಕಾರಿನಲ್ಲಿ ಎರಡು ಬ್ಯಾಟರಿ. ನೆಲದಡಿ ಹಾಸಿರುವ ದೊಡ್ಡದು ಗಾಡಿ ಓಡಿಸುತ್ತದೆ. ಅದರ ಜೊತೆಗೆ, ಪೆಟ್ರೋಲ್ ಕಾರಿನಲ್ಲಿ ಇರುವಂಥದ್ದೇ 12 ವೋಲ್ಟಿನ ಸಣ್ಣದೊಂದು. ಬೀಗ, ದೀಪ, ಕಂಪ್ಯೂಟರ್ ಎಲ್ಲ ಇದರ ಮೇಲೆ. ದೊಡ್ಡ ಬ್ಯಾಟರಿಯನ್ನು ಗಾಡಿಗೆ ಜೋಡಿಸುವ ಭಾರಿ ಸ್ವಿಚ್ಚುಗಳಿಗೆ ಕಾಂಟ್ಯಾಕ್ಟರ್ ಅಂತಾರೆ. ಕಾರು ಆಫ್ ಆದಾಗ ಅವು ಸಂಪರ್ಕ ಕಡಿದುಕೊಂಡು ಕೂರುತ್ತವೆ. ಸ್ಟಾರ್ಟ್ ಮಾಡಿದಾಗ ನೆಲದಡಿಯಿಂದ 'ಟಕ್' ಅಂತ ಒಂದು ಸದ್ದು ಬರುತ್ತದಲ್ಲ, ಅದು ಅವು ಕೂಡಿಕೊಂಡ ಸದ್ದು. ಆ ಟಕ್ ಅನ್ನಿಸುವುದಕ್ಕೂ ಸಣ್ಣ ಬ್ಯಾಟರಿಯೇ ಬೇಕು. ಅದು ಸತ್ತರೆ ದೊಡ್ಡದು ತುಂಬಿದ್ದರೂ ಒಂದೇ, ಖಾಲಿಯಿದ್ದರೂ ಒಂದೇ.

ಪೆಟ್ರೋಲ್ ಕಾರಿನಲ್ಲಿ ಈ ಬ್ಯಾಟರಿ ಸಾಯುವ ಮುಂಚೆ ಹೇಳಿ ಸಾಯುತ್ತದೆ. ಸ್ಟಾರ್ಟರ್ ತಿರುಗುವ ಸದ್ದು ನಿಧಾನವಾಗುತ್ತದೆ, ಚಳಿಯ ದಿನ ಎರಡು ಸಲ ಕೀ ತಿರುಗಿಸಬೇಕಾಗುತ್ತದೆ. ನಮಗೆ ಅರ್ಥವಾಗುತ್ತದೆ. ಇಲ್ಲಿ ತಿರುಗಿಸಲು ಎಂಜಿನ್ನೇ ಇಲ್ಲ. ಕಂಪ್ಯೂಟರ್ ಎಬ್ಬಿಸುವಷ್ಟು ಶಕ್ತಿ ಇದ್ದರೆ ಕಾರು ಸುಮ್ನೆ ಸ್ಟಾರ್ಟ್ ಆಗುತ್ತದೆ, ನಿನ್ನೆಯ ಹಾಗೇ. ಒಂದು ದಿನ ಅಷ್ಟೂ ಇರುವುದಿಲ್ಲ. ಇದರ ಮೇಲೆ, ನಿಂತ ಕಾರೂ ಪೂರ್ತಿ ಮಲಗಿರುವುದಿಲ್ಲ. ಫೋನಿನ ಆ್ಯಪ್ ತೆರೆದು ಚಾರ್ಜ್ ಎಷ್ಟಿದೆ ಅಂತ ನೋಡಿದಾಗೆಲ್ಲ ಅದು ಎದ್ದು ಉತ್ತರ ಕೊಡುತ್ತದೆ. ಹೊಸದಾಗಿ ಕಾರು ಬಂದ ಖುಷಿಯಲ್ಲಿ ನಾನು ದಿನಕ್ಕೆ ಹದಿನೈದು ಸಲ ನೋಡುತ್ತಿದ್ದೆ.

ಕೊಳ್ಳುವ ಮುಂಚೆ ನಾನು ಏನು ಪರೀಕ್ಷೆ ಮಾಡಿದ್ದೆ ಗೊತ್ತಾ? ದೊಡ್ಡ ಬ್ಯಾಟರಿಯ ಆರೋಗ್ಯ, ಅಂದರೆ ಹೊಸದಿದ್ದಾಗ ಹಿಡಿಯುತ್ತಿದ್ದ ಕರೆಂಟಿನಲ್ಲಿ ಈಗ ಎಷ್ಟು ಹಿಡಿಯುತ್ತದೆ ಅಂತ. 91 ಪರ್ಸೆಂಟ್ ಅಂತ ಬಂತು. ನಾಲ್ಕು ವರ್ಷದ ಕಾರಿಗೆ ತುಂಬಾ ಒಳ್ಳೆಯದು ಅಂದುಕೊಂಡೆ. ಒಳ್ಳೆಯದೇ. ಇವತ್ತಿಗೂ ಆ ಬ್ಯಾಟರಿಯಿಂದ ನನಗೆ ಒಂದು ದಿನವೂ ತೊಂದರೆಯಾಗಿಲ್ಲ. ತೊಂದರೆ ಕೊಟ್ಟದ್ದೆಲ್ಲ ಅದರ ಸುತ್ತ ಇರುವ ಸಣ್ಣಪುಟ್ಟ ಸಾಮಾನು. ನಾವು ಮದುಮಗನನ್ನು ಮಾತ್ರ ನೋಡಿ ಬರುತ್ತೇವೆ, ಮನೆಯಲ್ಲಿ ಇನ್ನೂ ಹತ್ತು ಜನ ಇರುತ್ತಾರೆ.

ಹಾಗಂತ ಬ್ಯಾಟರಿ ನೋಡಬೇಡಿ ಅಂತಲ್ಲ. ನೋಡುವ ರೀತಿ ಬೇರೆ ಇರಬೇಕು ಅಷ್ಟೇ.

ಮೊದಲನೆಯದಾಗಿ, ಡ್ಯಾಶ್‌ಬೋರ್ಡಿನಲ್ಲಿ ಕಾಣುವ ಕಿಲೋಮೀಟರ್ ಲೆಕ್ಕವನ್ನು ನಂಬಬೇಡಿ. ಅದು ಬ್ಯಾಟರಿಯ ಅಳತೆ ಅಲ್ಲ. ಇತ್ತೀಚೆಗೆ ಓಡಿಸಿದವರ ಕಾಲು ಎಷ್ಟು ಹಗುರ ಅನ್ನುವುದರ ಮೇಲೆ ಮಾಡಿದ ಅಂದಾಜು. ಮಾರುವವರು ಒಂದು ವಾರ ನಲವತ್ತರ ವೇಗದಲ್ಲಿ ನಿಧಾನ ಓಡಿಸಿದರೆ ಸಾಕು, ಅದು ತಾನಾಗೇ ಏರುತ್ತದೆ. ಆರೋಗ್ಯದ ಪರ್ಸೆಂಟೇಜ್ ಕೂಡ ಪೂರ್ತಿ ಸತ್ಯವಲ್ಲ. ಬ್ಯಾಟರಿ ನೋಡಿಕೊಳ್ಳುವ ಕಂಪ್ಯೂಟರ್ ಲೆಕ್ಕ ಹಾಕಿ ಹೇಳುವ ಮಾತು ಅದು. ಅದರ ಲೆಕ್ಕ ತಪ್ಪುವುದುಂಟು. ಕೆಲವು ಹಳೇ ಕಾರುಗಳಲ್ಲಿ ಆ ಲೆಕ್ಕವನ್ನೇ ರೀಸೆಟ್ ಮಾಡಿ, ಬ್ಯಾಟರಿ ಹೊಸದರ ಹಾಗೆ ಕಾಣಿಸಿ ಮಾರುವವರೂ ಇದ್ದಾರೆ. ಕೆಲವು ದಿನ ಓಡಿಸಿದ ಮೇಲೆ ನಿಜ ಹೊರಬರುತ್ತದೆ. ಅಷ್ಟರಲ್ಲಿ ದುಡ್ಡು ಕೈ ಬದಲಾಯಿಸಿರುತ್ತದೆ.

ಸರಿಯಾದ ದಾರಿ ಹಳೆಯದೇ: ಓಡಿಸಿ ಅಳೆಯುವುದು. ಚಾರ್ಜ್ 90 ಪರ್ಸೆಂಟಿನಿಂದ 20ಕ್ಕೆ ಇಳಿಯುವವರೆಗೆ ಓಡಿಸಿ, ಟ್ರಿಪ್ ಮೀಟರ್ ಎಷ್ಟು ಕಿಲೋವ್ಯಾಟ್ ಅವರ್, ಅಂದರೆ ಕರೆಂಟ್ ಬಿಲ್ಲಿನ ಯೂನಿಟ್, ಖರ್ಚಾಯಿತು ಅನ್ನುತ್ತದೋ ನೋಡಿ. 35 ಅಂದರೆ, 70 ಪರ್ಸೆಂಟಿಗೆ 35, ನೂರಕ್ಕೆ 50. ಹೊಸದಿದ್ದಾಗ ಬಳಕೆಗೆ ಸಿಗುತ್ತಿದ್ದದ್ದು 58 ಆಗಿದ್ದರೆ, ಈಗ ಉಳಿದಿರುವುದು ಸುಮಾರು 86 ಪರ್ಸೆಂಟ್. ಚಳಿಯಿದ್ದರೆ ಸ್ವಲ್ಪ ಕಮ್ಮಿ ಬರುತ್ತದೆ. ಶಾಲೆಯ ಲೆಕ್ಕ, ಯಾವ ಉಪಕರಣವೂ ಬೇಡ. ಅರ್ಧ ದಿನ ಬೇಕು. ಅರ್ಧ ದಿನ ಕಾರು ಬಿಟ್ಟುಕೊಡಲು ಒಪ್ಪದವರ ಹತ್ತಿರ ನಾನು ಈಗ ಮಾತೇ ಮುಂದುವರಿಸುವುದಿಲ್ಲ.

ಎರಡನೆಯದು ಸೆಲ್‌ಗಳ ನಡುವಿನ ವ್ಯತ್ಯಾಸ. ದೊಡ್ಡ ಬ್ಯಾಟರಿ ಅಂದರೆ ಒಂದೇ ಡಬ್ಬವಲ್ಲ. ನೂರಾರು ಸೆಲ್‌ಗಳ ಸರಪಳಿ, ಕೆಲವು ಕಾರುಗಳಲ್ಲಿ ಸಾವಿರಾರು. ಎಲ್ಲವೂ ಒಟ್ಟಿಗೆ ಮುದಿಯಾದರೆ ಚಿಂತೆಯಿಲ್ಲ, ಒಂದು ಚಾರ್ಜಿಗೆ ಓಡುವ ದೂರ ಸ್ವಲ್ಪ ಇಳಿಯುತ್ತದೆ ಅಷ್ಟೇ. ಒಂದು ಮಾತ್ರ ಬೇಗ ಸೋತರೆ ಇಡೀ ಸರಪಳಿ ಅದಕ್ಕಾಗಿ ನಿಲ್ಲಬೇಕು. ಅದು ಖಾಲಿಯಾದ ಕೂಡಲೇ ಕಾರು 'ಸಾಕು' ಅನ್ನುತ್ತದೆ. ಉಳಿದವುಗಳಲ್ಲಿ ಇನ್ನೂ ಕರೆಂಟು ಇದ್ದರೂ ಸಿಗುವುದಿಲ್ಲ. ಸ್ಟಿಯರಿಂಗ್ ಕೆಳಗೆ, ಮೆಕ್ಯಾನಿಕ್‌ಗಳು ಕಾರಿನ ಕಂಪ್ಯೂಟರ್ ಓದಲು ಬಳಸುವ ಓಬಿಡಿ ಪೋರ್ಟಿಗೆ ಒಂದು ಸಣ್ಣ ರೀಡರ್ ಚುಚ್ಚಿ, ಫೋನಿನಲ್ಲಿ ಪ್ರತಿ ಸೆಲ್ಲಿನ ವೋಲ್ಟೇಜ್ ನೋಡಬಹುದು. ನಿಸಾನ್ ಲೀಫ್ ಇಟ್ಟುಕೊಂಡವರಿಗೆ ಲೀಫ್ ಸ್ಪೈ ಅನ್ನುವ ಆ್ಯಪ್ ಪಂಚಾಂಗದ ಹಾಗೆ. ಬೇರೆ ಕಾರುಗಳಿಗೂ ಇಂಥವು ಇವೆ. ಇಲ್ಲಿ ಒಂದು ಗುಟ್ಟು: ಬ್ಯಾಟರಿ ತುಂಬಿದ್ದಾಗ ಸೋತ ಸೆಲ್ ಮುಖ ತೋರಿಸುವುದಿಲ್ಲ. 15 ಪರ್ಸೆಂಟಿಗೆ ಇಳಿಸಿ, ಆಕ್ಸಿಲರೇಟರ್ ಒತ್ತಿ ನೋಡಬೇಕು. ಹಸಿದಾಗಲೇ ಅಲ್ವಾ ಯಾರು ಗಟ್ಟಿ ಅಂತ ಗೊತ್ತಾಗುವುದು.

ಲಿಥಿಯಂ ಐರನ್ ಫಾಸ್ಫೇಟ್ ಅಂದರೆ ಎಲ್‌ಎಫ್‌ಪಿ ಬ್ಯಾಟರಿಯಲ್ಲಿ ಇನ್ನೊಂದು ಸಮಸ್ಯೆ ಸೇರುತ್ತದೆ. ಅದರ ವೋಲ್ಟೇಜ್ ಮಧ್ಯದಲ್ಲಿ ಹೆಚ್ಚುಕಡಿಮೆ ಸಪಾಟು. 70 ಪರ್ಸೆಂಟ್ ಇದ್ದರೂ 40 ಇದ್ದರೂ ಕಂಪ್ಯೂಟರಿಗೆ ಒಂದೇ ಥರ ಕಾಣುತ್ತದೆ. ಹಾಗಾಗಿ ಆಗಾಗ ಪೂರ್ತಿ ನೂರಕ್ಕೆ ತುಂಬಿಸಿ ಲೆಕ್ಕ ಸರಿ ಮಾಡಿಕೊಳ್ಳಬೇಕು. ಹಿಂದಿನವರು ತಿಂಗಳುಗಟ್ಟಲೆ 80ಕ್ಕೇ ನಿಲ್ಲಿಸಿದ್ದರೆ, ಆರೋಗ್ಯವಾದ ಬ್ಯಾಟರಿಯೂ ಕಾಯಿಲೆಯದ್ದರ ಹಾಗೆ ಕಾಣಬಹುದು. ಒಮ್ಮೆ ನೂರು ಮಾಡಿ ನೋಡದೆ ಬೇಡ ಅನ್ನಬೇಡಿ.

ಬ್ಯಾಟರಿಗೆ ಕಿಲೋಮೀಟರಿಗಿಂತ ಬಿಸಿ ಶತ್ರು. 2010ರ ಕೊನೆಗೆ ಮಾರುಕಟ್ಟೆಗೆ ಬಂದ ನಿಸಾನ್ ಲೀಫ್‌ನ ಬ್ಯಾಟರಿಗೆ ನೀರಿನ ತಂಪು ಇರಲಿಲ್ಲ, ಗಾಳಿಯೇ ಗತಿ. 2012ರ ಹೊತ್ತಿಗೆ ಅಮೆರಿಕದ ಅರಿಜೋನಾದ ಸುಡು ಬಿಸಿಲಿನಲ್ಲಿ ಓಡಿದ ಲೀಫ್‌ಗಳ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಆರೋಗ್ಯ ತೋರಿಸುವ ಬಾರ್‌ಗಳು ಒಂದೊಂದಾಗಿ ಮಾಯವಾಗಲು ಶುರುವಾದವು. ಒಟ್ಟು 12 ಬಾರ್. ಮೊದಲನೇ ಬಾರ್ ಹೋಗುವಾಗಲೇ ಸುಮಾರು 15 ಪರ್ಸೆಂಟ್ ಹೋಗಿರುತ್ತದೆ, ಇದು ಎಷ್ಟೋ ಜನರಿಗೆ ಗೊತ್ತಿರಲಿಲ್ಲ. 12ಕ್ಕೆ 11 ಇದೆಯಲ್ಲ, ಚೆನ್ನಾಗಿದೆ ಅಂದುಕೊಂಡರು. ನೀರಿನಿಂದ ತಂಪಾಗುವ ಬ್ಯಾಟರಿಗಳ ಕಥೆ ಇಷ್ಟು ಕೆಟ್ಟದ್ದಲ್ಲ. ಸಾವಿರಾರು ಗಾಡಿಗಳ ಮಾಹಿತಿ ಇಟ್ಟುಕೊಂಡಿರುವ ಜಿಯೋಟ್ಯಾಬ್ ಕಂಪನಿಯ 2019ರ ಲೆಕ್ಕದಲ್ಲಿ ಎಲ್ಲ ಥರದ ಎಲೆಕ್ಟ್ರಿಕ್ ಗಾಡಿ ಸೇರಿ ವರ್ಷಕ್ಕೆ ಸರಾಸರಿ 2.3 ಪರ್ಸೆಂಟ್ ಇಳಿಕೆ ಇತ್ತು, 2024ರ ಲೆಕ್ಕದಲ್ಲಿ 1.8. ಹಾಗಾಗಿ ನಾಲ್ಕೇ ವರ್ಷಕ್ಕೆ 25 ಪರ್ಸೆಂಟ್ ಕಳೆದುಕೊಂಡ ಕಾರು ಎದುರಿಗಿದ್ದರೆ, ಅದು ಎಲ್ಲಿ ಹೇಗೆ ಬದುಕಿತ್ತು ಅಂತ ಕೇಳಬೇಕು. ಬಿಸಿಲಲ್ಲಿ, ನೂರು ಪರ್ಸೆಂಟ್ ತುಂಬಿಸಿ, ವಾರಗಟ್ಟಲೆ ನಿಲ್ಲಿಸಿದ ಕಾರಿಗಿಂತ ದಿನಾ ನೂರು ಕಿಲೋಮೀಟರ್ ಓಡಿದ ಕಾರು ಎಷ್ಟೋ ಮೇಲು.

ವಾರಂಟಿಯ ಒಂದು ತಮಾಷೆ ಹೇಳಲೇಬೇಕು. ಬಹಳ ಕಂಪನಿಗಳು ದೊಡ್ಡ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್, 70 ಪರ್ಸೆಂಟಿಗಿಂತ ಇಳಿಯುವುದಿಲ್ಲ ಅನ್ನುವ ಭರವಸೆ ಕೊಡುತ್ತವೆ. ಈಗ ಒಂದೇ ವಯಸ್ಸಿನ ಎರಡು ಕಾರು ಇಟ್ಟುಕೊಳ್ಳಿ. ಒಂದರ ಬ್ಯಾಟರಿ 72, ಇನ್ನೊಂದರದ್ದು 69, ಎರಡಕ್ಕೂ ವಾರಂಟಿ ಇನ್ನೊಂದು ವರ್ಷ. ನಾನಾದರೆ 69ರದ್ದನ್ನು ತಗೋತೀನಿ. ಅದಕ್ಕೆ ಕಂಪನಿಯೇ ಬ್ಯಾಟರಿ ರಿಪೇರಿ ಮಾಡಬೇಕು ಅಥವಾ ಬದಲಾಯಿಸಿ ಕೊಡಬೇಕು. 72ರದ್ದು ಇನ್ನೊಂದು ವರ್ಷ ಹೇಗೋ ತೇಲಿಕೊಂಡು ಹೋಗಿ, ವಾರಂಟಿ ಮುಗಿದ ತಿಂಗಳು 70ರ ಕೆಳಗೆ ಬೀಳುತ್ತದೆ. ವಾರಂಟಿ ಎಣಿಕೆ ಶುರುವಾಗುವುದು ಕಾರು ಮೊದಲು ಮಾರಾಟವಾದ ದಿನದಿಂದ, ನಾವು ಕೊಂಡ ದಿನದಿಂದ ಅಲ್ಲ. ಎರಡನೇ ಮಾಲೀಕರಿಗೂ ಅದು ಸಿಗುತ್ತದಾ ಅಂತ ಕಾಗದದಲ್ಲೇ ನೋಡಿಕೊಳ್ಳಿ. ಯುರೋಪಿನ ಎಷ್ಟೋ ಹಳೇ ರೆನೋ ಝೋಯಿ ಕಾರುಗಳಲ್ಲಂತೂ ಬ್ಯಾಟರಿ ಮಾಲೀಕರದ್ದೇ ಆಗಿರಲಿಲ್ಲ. ಕಾರು ಕೊಂಡು, ಬ್ಯಾಟರಿಗೆ ತಿಂಗಳ ಬಾಡಿಗೆ ಕಟ್ಟುತ್ತಿದ್ದರು. ಕಾರು ಅಗ್ಗಕ್ಕೆ ಸಿಕ್ಕಿತು ಅಂತ ಹಿಗ್ಗಿದವರಿಗೆ ಬಾಡಿಗೆಯೂ ಜೊತೆಗೆ ಬಂತು.

ಈಗ ನನ್ನ ಕಾರಿನ ಎರಡನೇ ಅಧ್ಯಾಯ.

ಸಣ್ಣ ಬ್ಯಾಟರಿ ಬದಲಾಯಿಸಿ ಎರಡು ತಿಂಗಳು ಆರಾಮಾಗಿದ್ದೆ. ಆಮೇಲೆ ಒಂದು ಬೆಳಿಗ್ಗೆ ನೋಡಿದರೆ ರಾತ್ರಿ ಹಾಕಿದ ಚಾರ್ಜ್ ಅರ್ಧಕ್ಕೇ ನಿಂತಿದೆ. ಕೇಬಲ್ ತೆಗೆದು ಹಾಕಿದೆ, ಮತ್ತೆ ಶುರುವಾಯಿತು. ಮರುದಿನ ಹಾಗೇ. ಗಮನಿಸಿದಾಗ ಗೊತ್ತಾಯಿತು, ಸರಿಯಾಗಿ ಅರ್ಧ ಗಂಟೆ ಆದ ಮೇಲೆ ಕೈಕೊಡುತ್ತಿತ್ತು. ಕೊಳ್ಳುವಾಗ ಮಾರಿದವರು ಚಾರ್ಜ್ ಹಾಕಿ ತೋರಿಸಿದ್ದರು. ಐದು ನಿಮಿಷ. ಹಸಿರು ದೀಪ ಬಂತು, ನಾನು ತಲೆಯಾಡಿಸಿದ್ದೆ.

ಇದನ್ನು ತಿಳಿಯಲು ಚಾರ್ಜಿಂಗ್ ಎರಡು ಥರ ಅನ್ನುವುದು ಗೊತ್ತಿರಬೇಕು. ಮನೆಯಲ್ಲಿ ರಾತ್ರಿ ಹಾಕುವ ನಿಧಾನದ ಚಾರ್ಜಿಂಗಿನಲ್ಲಿ, ಗೋಡೆಯಿಂದ ಬರುವ ಎಸಿ ಕರೆಂಟನ್ನು ಬ್ಯಾಟರಿಗೆ ಒಗ್ಗುವ ಡಿಸಿ ಮಾಡುವ ಕೆಲಸ ಕಾರಿನೊಳಗೇ ಇರುವ ಒಂದು ಪೆಟ್ಟಿಗೆಯದು. ಆನ್‌ಬೋರ್ಡ್ ಚಾರ್ಜರ್ ಅನ್ನುತ್ತಾರೆ. ಹೊರಗೆ ಸಿಗುವ ಫಾಸ್ಟ್ ಚಾರ್ಜರ್ ಈ ಪೆಟ್ಟಿಗೆಯನ್ನು ದಾಟಿ ನೇರ ಬ್ಯಾಟರಿಗೆ ಡಿಸಿ ಕೊಡುತ್ತದೆ. ಹಾಗಾಗಿ ಒಂದು ಕೆಟ್ಟಿದ್ದರೂ ಇನ್ನೊಂದು ಚೆನ್ನಾಗಿ ನಡೆಯಬಹುದು. ಆನ್‌ಬೋರ್ಡ್ ಚಾರ್ಜರ್ ಹೋದ ಕಾರನ್ನು ಮಾರುವವರು ಫಾಸ್ಟ್ ಚಾರ್ಜರಿನಲ್ಲಿ ತುಂಬಿಸಿಕೊಂಡು ಬಂದು ನಗುನಗುತ್ತಾ ನಿಲ್ಲಬಹುದು. ಮೂರು ಫೇಸಿನ ಚಾರ್ಜರ್ ಇರುವ ಕಾರುಗಳಲ್ಲಿ ಒಂದು ಫೇಸ್ ಸತ್ತರೂ ಉಳಿದ ಎರಡು ಕೆಲಸ ಮಾಡುತ್ತಿರುತ್ತವೆ. 11 ಕಿಲೋವ್ಯಾಟ್ ಬರಬೇಕಾದಲ್ಲಿ ಏಳು ಚಿಲ್ಲರೆ ಬರುತ್ತದೆ, ದೀಪ ಹಸಿರೇ ಇರುತ್ತದೆ. ದೀಪ ನೋಡಬೇಡಿ, ಅಂಕಿ ನೋಡಿ.

ನನ್ನ ಕಾರನ್ನು ನೋಡಿದ ಮೊದಲನೇ ಮೆಕ್ಯಾನಿಕ್ ಇಡೀ ಪೆಟ್ಟಿಗೆ ಬದಲಾಯಿಸಬೇಕು ಅಂದರು. ಹೇಳಿದ ಮೊತ್ತ ಕೇಳಿ ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತೆ. ಎರಡನೆಯವರು ಮಾತಾಡಲಿಲ್ಲ. ಚಾರ್ಜ್ ಹಾಕಿ, ಬಾನೆಟ್ ತೆಗೆದು, ಒಂದು ಪೈಪಿನ ಮೇಲೆ ಕೈಯಿಟ್ಟು ಹತ್ತು ನಿಮಿಷ ನಿಂತರು. ಆಮೇಲೆ, 'ಸರ್, ಪಂಪ್ ತಿರುಗ್ತಾ ಇಲ್ಲ' ಅಂದರು. ಚಾರ್ಜರನ್ನು ತಂಪಾಗಿಡುವ ಕೂಲೆಂಟ್ ಪಂಪ್ ಅದು, ಅಂಗೈ ಅಗಲದ್ದು. ಅದು ನಿಂತಿದ್ದರಿಂದ ಚಾರ್ಜರ್ ಬಿಸಿಯಾಗಿ, ತನ್ನನ್ನು ತಾನು ಉಳಿಸಿಕೊಳ್ಳಲು ಅರ್ಧ ಗಂಟೆಗೆ ಆಫ್ ಆಗುತ್ತಿತ್ತು. ಪಂಪ್ ಬದಲಾಯಿತು. ಚಾರ್ಜರ್ ಇವತ್ತಿಗೂ ಹಳೆಯದೇ.

ಅಂದಿನಿಂದ ಎಲೆಕ್ಟ್ರಿಕ್ ಕಾರಿನ ಪ್ಲಂಬಿಂಗ್ ಮೇಲೆ ನನಗೆ ವಿಚಿತ್ರ ಆಸಕ್ತಿ ಹುಟ್ಟಿದೆ. ಎಂಜಿನ್ ಇಲ್ಲದ ಕಾರಿಗೆ ನೀರು ಯಾಕೆ ಅಂತ ಜನ ಕೇಳುತ್ತಾರೆ. ಬಾನೆಟ್ ತೆಗೆದು ನೋಡಿದರೆ ಒಂದಲ್ಲ, ಎರಡು ಮೂರು ಕೂಲೆಂಟ್ ಡಬ್ಬ ಇರಬಹುದು. ಮೋಟಾರಿಗೆ, ಚಾರ್ಜರಿಗೆ, ಬ್ಯಾಟರಿಗೆ. ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ, ಮತ್ತು ಆ ಎಲ್ಲೋ ಬ್ಯಾಟರಿಯ ಒಳಗೇ ಆಗಿರಬಾರದು. ಕೆಲವು ಕಾರುಗಳಿಗೆ ಕರೆಂಟು ಹರಿಯಲು ಬಿಡದ ವಿಶೇಷ ಕೂಲೆಂಟ್ ಬೇಕು. ಅದಕ್ಕೆ ಯಾರೋ ಮಾಮೂಲಿ ಹಸಿರು ನೀರು ಸುರಿದಿದ್ದಾರಾ ಅಂತ ಬಣ್ಣ ನೋಡಿಯೇ ಅನುಮಾನಪಡಬಹುದು.

ಎಸಿಯದ್ದು, ಅಂದರೆ ಏರ್ ಕಂಡಿಷನರಿನದ್ದು, ಇನ್ನೂ ಸ್ವಾರಸ್ಯ. ಈ ಕಾರುಗಳಲ್ಲಿ ಎಸಿ ಅನ್ನುವುದು ಸೆಕೆಗೆ ಮಾತ್ರವಲ್ಲ, ಬಹಳಷ್ಟರಲ್ಲಿ ಬ್ಯಾಟರಿಯನ್ನು ತಂಪು ಮಾಡುವುದೂ ಅದೇ. ಎಸಿ ದುರ್ಬಲವಾದರೆ ಬಿಸಿಲಲ್ಲಿ ಫಾಸ್ಟ್ ಚಾರ್ಜಿಂಗ್ ನಿಧಾನವಾಗುತ್ತದೆ, ಜನ ಬ್ಯಾಟರಿಯನ್ನು ಬೈಯುತ್ತಾರೆ. ಅದರ ಕಂಪ್ರೆಸರ್ ನಡೆಯುವುದು ಬೆಲ್ಟಿನಿಂದಲ್ಲ, ದೊಡ್ಡ ಬ್ಯಾಟರಿಯ ಭಾರಿ ವೋಲ್ಟೇಜಿನಿಂದ. ಅದರ ಮೋಟಾರ್ ಗ್ಯಾಸು, ಎಣ್ಣೆಯ ನಡುವೆಯೇ ತಿರುಗುವುದರಿಂದ ಸಾಮಾನ್ಯವಾಗಿ ಕರೆಂಟು ಹರಿಯದ, ಪಿಒಇ ಅನ್ನುವ ಎಣ್ಣೆಯೇ ಬೇಕು. ಪೆಟ್ರೋಲ್ ಕಾರುಗಳಿಗೆ ಗ್ಯಾಸ್ ತುಂಬಿಸಿ ಅಭ್ಯಾಸವಾದವರು ಅದೇ ಯಂತ್ರದಿಂದ ಅವುಗಳ ಪಿಎಜಿ ಎಣ್ಣೆ ಸೇರಿಸಿಬಿಟ್ಟರೆ ಇನ್ಸುಲೇಶನ್ ಕೆಡುತ್ತದೆ. ಕಾರು ಎಚ್ಚರಿಕೆ ದೀಪ ಹತ್ತಿಸಿ ಓಡಲು ನಿರಾಕರಿಸಬಹುದು. ನೂರು ಗ್ರಾಮಿಗೂ ಕಮ್ಮಿ ಎಣ್ಣೆಯ ತಪ್ಪು. 'ಎಸಿ ಸರ್ವಿಸ್ ಎಲ್ಲಿ ಮಾಡಿಸಿದ್ದು?' ಅನ್ನುವ ಪ್ರಶ್ನೆಯನ್ನು ನಾನು ಈಗ ಎಲ್ಲರಿಗೂ ಕೇಳುತ್ತೇನೆ. ಮಾರುವವರು ಇವನಿಗೇನು ತಲೆ ಕೆಟ್ಟಿದೆಯಾ ಅನ್ನುವ ಹಾಗೆ ನೋಡುತ್ತಾರೆ.

ಫಾಸ್ಟ್ ಚಾರ್ಜಿಂಗ್ ಪರೀಕ್ಷೆ ಮಾಡುವಾಗ ಕಾರು 20 ಪರ್ಸೆಂಟ್ ಆಸುಪಾಸು ಇರಲಿ, ಸ್ವಲ್ಪ ಓಡಿಸಿ ಬಂದಿರಿ. ಶುರುವಿನಲ್ಲಿ ಜೋರಾಗಿ ಏರಿ, ಚಾರ್ಜ್ ತುಂಬುತ್ತಾ ಬಂದ ಹಾಗೆ ಇಳಿಯುವುದು ಸಹಜ. ಐದು ನಿಮಿಷಕ್ಕೇ ದೊಪ್ಪನೆ ಬಿದ್ದರೆ ಏನೋ ಇದೆ. ಆದರೆ ಕೆಲವು ಕಾರುಗಳ ಗುಣವೇ ಹಾಗೆ. 2018ರ ಮಾಡೆಲ್‌ನ 40 ಕಿಲೋವ್ಯಾಟ್ ಅವರ್ ಲೀಫ್ ಒಂದೇ ದಿನ ಎರಡನೇ ಸಲ ಫಾಸ್ಟ್ ಚಾರ್ಜ್‌ಗೆ ಹಾಕಿದರೆ ನಿಧಾನವಾಗುತ್ತಿತ್ತು, ಬ್ಯಾಟರಿಗೆ ತಂಪಿನ ವ್ಯವಸ್ಥೆಯೇ ಇಲ್ಲದ್ದರಿಂದ. ಅದು ಕೆಟ್ಟದ್ದಲ್ಲ, ಕಟ್ಟಿದ್ದೇ ಹಾಗೆ. ಕೇಬಲ್ ಚುಚ್ಚುವ ಬಾಯಿಯನ್ನೂ ಟಾರ್ಚ್ ಹಾಕಿ ನೋಡಿ. ಪಿನ್ ಕಪ್ಪಾಗಿದೆಯಾ, ಪ್ಲಾಸ್ಟಿಕ್ ಕರಗಿದೆಯಾ, ಕೇಬಲ್ ಹಿಡಿದುಕೊಳ್ಳುವ ಲಾಕ್ ಸಲೀಸಾಗಿ ಬಿಡುತ್ತದಾ. ಬಿಡದಿದ್ದರೆ ಯಾವುದೋ ಚಾರ್ಜರಿಗೆ ಕಟ್ಟಿಹಾಕಿದ ಕರುವಿನ ಹಾಗೆ ನಿಂತಿರಬೇಕಾಗುತ್ತದೆ.

ಕಂಪನಿಗಳೇ ಒಪ್ಪಿಕೊಂಡ ದೋಷಗಳನ್ನು ಹುಡುಕುವುದು ಎಲ್ಲಕ್ಕಿಂತ ಸುಲಭ, ಎಲ್ಲರೂ ಮರೆಯುವುದೂ ಅದನ್ನೇ. ಶೆವರ್ಲೆ ಬೋಲ್ಟ್ ಕಥೆ ಗೊತ್ತಿರಬಹುದು. ಒಂದೇ ಸೆಲ್ಲಿನಲ್ಲಿ ಹರಿದ ಆನೋಡ್ (ಋಣ ಧ್ರುವ) ಪಟ್ಟಿ ಮತ್ತು ಎರಡು ಧ್ರುವ ಒಂದಕ್ಕೊಂದು ತಾಗದ ಹಾಗೆ ಇಡುವ ಪರದೆ, ಅಂದರೆ ಸೆಪರೇಟರ್, ಮಡಚಿಕೊಂಡಿರುವುದು, ಎರಡೂ ಕೂಡಿದರೆ ಬೆಂಕಿಯ ಅಪಾಯ. 2020ರ ನವೆಂಬರ್‌ನಲ್ಲಿ ಕೆಲವನ್ನು ವಾಪಸ್ ಕರೆದರು, 2021ರ ಆಗಸ್ಟ್ ಹೊತ್ತಿಗೆ ಅಲ್ಲಿಯವರೆಗಿನ ಎಲ್ಲ ಬೋಲ್ಟ್‌ಗಳನ್ನೂ. ಹ್ಯುಂಡೈ ಕೋನಾ ಎಲೆಕ್ಟ್ರಿಕ್ ಮತ್ತು ಅದರ ಜೊತೆಯ ಕೆಲವು ಗಾಡಿಗಳು ಸೇರಿ ಸುಮಾರು 82,000ವನ್ನು 2021ರಲ್ಲಿ ಬ್ಯಾಟರಿಗಾಗಿ ಕರೆಸಿದರು. ಇಂಥ ಹೆಸರು ಕೇಳಿದ ಕೂಡಲೇ ಜನ ಓಡುತ್ತಾರೆ. ನನಗೆ ಉಲ್ಟಾ ಅನ್ನಿಸುತ್ತದೆ. ಬ್ಯಾಟರಿ ಬದಲಾದ ದಾಖಲೆ ಇದ್ದರೆ, ಹಳೇ ಕಾರಿನಲ್ಲಿ ಹೊಸ ಬ್ಯಾಟರಿ ಸಿಕ್ಕ ಹಾಗೆ. ಬದಲಾಗಿಲ್ಲದಿದ್ದರೆ ಮಾತ್ರ ಓಡಬೇಕು. 2024ರಲ್ಲಿ ಹ್ಯುಂಡೈ ಐಯಾನಿಕ್ 5, ಕಿಯಾ ಇವಿ6 ಮೊದಲಾದವುಗಳನ್ನು ಐಸಿಸಿಯು ಅನ್ನುವ ಚಾರ್ಜಿಂಗ್ ಭಾಗಕ್ಕಾಗಿ ಕರೆಸಿದ್ದರು. ಅದು ಕೆಟ್ಟರೆ ಏನಾಗುತ್ತದೆ ಗೊತ್ತಾ? 12 ವೋಲ್ಟಿನ ಬ್ಯಾಟರಿಗೆ ಚಾರ್ಜ್ ನಿಂತುಹೋಗುತ್ತದೆ, ಓಡುತ್ತಿರುವ ಕಾರೇ ಶಕ್ತಿ ಕಳೆದುಕೊಳ್ಳಬಹುದು. ಮತ್ತೆ ಅದೇ ಸಣ್ಣ ಬ್ಯಾಟರಿ! ಟೆಸ್ಲಾ ಮಾಡೆಲ್ ಎಸ್ ಮತ್ತು ಎಕ್ಸ್‌ನ ಹಳೇ ಗಾಡಿಗಳಲ್ಲಿ 8 ಜಿಬಿಯ ಒಂದು ಮೆಮೊರಿ ಚಿಪ್ ಬರೆದು ಬರೆದು ಸವೆದು, ಮಧ್ಯದ ದೊಡ್ಡ ಪರದೆಯೇ ಕಪ್ಪಾಗುತ್ತಿತ್ತು. 2021ರಲ್ಲಿ ಸುಮಾರು 1,35,000 ಕಾರುಗಳನ್ನು ಕರೆಸಿದರು. ಚಾಸಿ ನಂಬರ್ ಕೊಟ್ಟರೆ ರಿಕಾಲ್ ಕೆಲಸ ಆಗಿದೆಯಾ ಇಲ್ಲವಾ ಅಂತ ಸರ್ವಿಸ್ ಸೆಂಟರಿನವರು ಎರಡು ನಿಮಿಷದಲ್ಲಿ ಹೇಳುತ್ತಾರೆ.

ಉಳಿದ ಯಂತ್ರದ ಭಾಗಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬ್ರೇಕ್ ಇಲ್ಲಿ ಸವೆದು ಹಾಳಾಗುವುದಿಲ್ಲ, ಕೆಲಸವಿಲ್ಲದೆ ಹಾಳಾಗುತ್ತದೆ. ಮೋಟಾರೇ ಗಾಡಿಯ ವೇಗ ತಗ್ಗಿಸುವುದರಿಂದ ಡಿಸ್ಕ್ ತುಕ್ಕು ಹಿಡಿಯುತ್ತದೆ, ಕ್ಯಾಲಿಪರ್ ಅಂಟಿಕೊಳ್ಳುತ್ತದೆ. ಖಾಲಿ ರಸ್ತೆಯಲ್ಲಿ ನ್ಯೂಟ್ರಲ್ ಮಾಡಿ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ ನೋಡಿ. ಗಾಡಿ ಭಾರ, ಹಾಗಾಗಿ ಟಯರ್, ಸಸ್ಪೆನ್ಶನ್ ಬುಶ್‌ಗಳು ಬೇಗ ಸವೆಯುತ್ತವೆ. ಹಾಡು ಆಫ್ ಮಾಡಿ, ಕಿಟಕಿ ಏರಿಸಿ, ಅರವತ್ತರ ವೇಗದಲ್ಲಿ ಕಿವಿಗೊಡಿ. ವೇಗದ ಜೊತೆ ಏರಿಳಿಯುವ ಗೂಂಯ್ ಸದ್ದಿದ್ದರೆ ಬೇರಿಂಗ್ ಇರಬಹುದು. ಬ್ಯಾಟರಿಯ ಡಿಸಿಯನ್ನು ಮೋಟಾರಿಗೆ ಬೇಕಾದ ಎಸಿ ಮಾಡಿಕೊಡುವ ಇನ್ವರ್ಟರಿನಿಂದ ಬರುವ ಕಳ್ಳ ಕರೆಂಟು ಮೋಟಾರಿನ ಬೇರಿಂಗಿನಲ್ಲಿ ಸಣ್ಣ ಸಣ್ಣ ಕುಳಿ ಕೊರೆಯುತ್ತದೆ. ಪೆಟ್ರೋಲ್ ಕಾರಿಗಿಲ್ಲದ ಕಾಯಿಲೆ ಇದು. ಕೊನೆಗೆ, ಜಾಕ್ ಏರಿಸಿ ಹೊಟ್ಟೆ ನೋಡಿ. ಬ್ಯಾಟರಿಯ ತಳದಲ್ಲಿ ಗೀರಿದ್ದರೆ ಪರವಾಗಿಲ್ಲ, ತಗ್ಗು ಬಿದ್ದಿದ್ದರೆ ಬೇಡ. ನೀರಲ್ಲಿ ಮುಳುಗಿದ ಕಾರಾದರೆ ಎಷ್ಟೇ ಅಗ್ಗವಾದರೂ ಬೇಡವೇ ಬೇಡ.

ಸಾಫ್ಟ್‌ವೇರ್ ಕಥೆಯೊಂದು ಬಾಕಿ ಇದೆ. ನನ್ನ ಕಾರು ಒಂದು ಮಧ್ಯಾಹ್ನ ನಿಂತಲ್ಲೇ ಎಸಿ ಹಾಕಿಕೊಂಡಿತು. ಇನ್ನೊಂದು ದಿನ ಮತ್ತೆ. ನಾನು ದೆವ್ವ ನಂಬುವವನಲ್ಲ, ಆದರೂ ಎರಡನೇ ಸಲ ಒಂದು ಕ್ಷಣ ಹಿಂದೆ ಸರಿದೆ. ಆಮೇಲೆ ಹೊಳೆಯಿತು, ಹಳೇ ಮಾಲೀಕರ ಫೋನಿನಲ್ಲಿ ನನ್ನ ಕಾರು ಇನ್ನೂ ಇದೆ. ಫೋನ್ ಮಾಡಿದಾಗ ಪಾಪ ತುಂಬಾ ನಾಚಿಕೊಂಡರು. ಅವರು ಹೊಸದಾಗಿ ತಗೊಂಡ ಕಾರೂ ಅದೇ ಕಂಪನಿಯದು, ಬಟನ್ ಒತ್ತುವಾಗ ಯಾವ ಕಾರು ಅಂತ ನೋಡುತ್ತಿರಲಿಲ್ಲ. ಎಷ್ಟು ದಿನದಿಂದ ನಾನು ಎಲ್ಲೆಲ್ಲಿ ಹೋಗುತ್ತೇನೆ ಅಂತ ಅವರಿಗೆ ಕಾಣುತ್ತಿತ್ತೋ ಏನೋ. ದುಡ್ಡು ಕೊಡುವ ಮುಂಚೆಯೇ ಅವರ ಅಕೌಂಟಿನಿಂದ ಕಾರು ತೆಗೆಸಿ, ನಿಮ್ಮದಕ್ಕೆ ಸೇರಿಸಿಕೊಳ್ಳಿ. ಕಂಪನಿ ಬದುಕಿದೆಯಾ ಅಂತಲೂ ನೋಡಿಕೊಳ್ಳಿ. ಫಿಸ್ಕರ್ 2024ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿದಾಗ, ಅದರ ಓಷನ್ ಕಾರು ಇಟ್ಟುಕೊಂಡವರು ಅಪ್‌ಡೇಟಿಗೂ ಬಿಡಿಭಾಗಕ್ಕೂ ಪರದಾಡಿದರು.

ಮೊನ್ನೆ ಭಾವನಿಗೊಂದು ಕಾರು ನೋಡಲು ಹೋಗಿದ್ದೆ. ಮಾರುವವರು ಬ್ಯಾಟರಿ 94 ಪರ್ಸೆಂಟ್ ಅನ್ನುವ ಸರ್ಟಿಫಿಕೇಟ್ ಮುಂದಿಟ್ಟರು. ಭಾವನ ಮುಖ ಅರಳಿತು. ಕಾರು ಚಾರ್ಜಿಗೆ ಹಾಕಿಕೊಂಡು ನಿಂತಿತ್ತು, ಪಳಪಳ ತೊಳೆದಿದ್ದರು. ನಾನು, 'ಇವತ್ತು ಚಾರ್ಜ್ ತೆಗೆದುಬಿಡಿ, ನಾಳೆ ಬೆಳಿಗ್ಗೆ ಬರ್ತೀವಿ, ಅರ್ಧ ದಿನ ಓಡಿಸ್ತೀವಿ' ಅಂದೆ. ಅವರು ಒಪ್ಪಿದರು, ಅದನ್ನು ಮೆಚ್ಚಬೇಕು. ವಾಪಸ್ ಬರುವಾಗ ಭಾವ, 'ಏನೋ, ಹೆಣ್ಣು ನೋಡೋಕೂ ನಾನು ಇಷ್ಟು ಸತಾಯಿಸಿರಲಿಲ್ಲ' ಅಂದರು. ಅಕ್ಕ ಹಿಂದಿನ ಸೀಟಲ್ಲೇ ಇದ್ದಳು.

ಮರುದಿನ 90 ಪರ್ಸೆಂಟಿನಲ್ಲಿ ಸೆಲ್‌ಗಳ ವ್ಯತ್ಯಾಸ 12 ಮಿಲಿವೋಲ್ಟ್. ಬಹಳ ಚೆನ್ನಾಗಿತ್ತು. 50ರಲ್ಲಿ 20. 15ಕ್ಕೆ ಇಳಿದ ಮೇಲೆ ಒಂದು ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ, 37ನೇ ಸೆಲ್ ಒಂದೇ ಉಳಿದವುಗಳಿಗಿಂತ 180 ಮಿಲಿವೋಲ್ಟ್ ಕೆಳಗೆ ಬಿತ್ತು. ಕಾಲು ತೆಗೆದ ಕೂಡಲೇ ಮೇಲೆ ಬಂತು. ಮತ್ತೆ ಒತ್ತಿದರೆ ಮತ್ತೆ ಬಿತ್ತು. ಭಾವ ಫೋನಿನ ಪರದೆಯನ್ನು ಸ್ವಲ್ಪ ಹೊತ್ತು ನೋಡಿದರು. ಏನೂ ಹೇಳಲಿಲ್ಲ. ಮಾರುವವರಿಗೂ ತೋರಿಸಿದೆವು, ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ವಾರಂಟಿಯಲ್ಲಿ ಸರಿ ಮಾಡಿಸಿಕೊಳ್ಳಿ, ಇನ್ನೂ ಹನ್ನೊಂದು ತಿಂಗಳಿದೆ ಅಂತ ಹೇಳಿ ಬಂದೆವು.

ಕೊನೆಗೆ ಭಾವ ಕೊಂಡದ್ದು 84 ಪರ್ಸೆಂಟಿನ ಬೇರೆ ಕಾರು. ಮಾಲೀಕರು ಒಬ್ಬ ನಿವೃತ್ತ ಮೇಷ್ಟ್ರು. ಒಂದು ನೋಟ್‌ಬುಕ್ ಕೊಟ್ಟರು. ಕೂಲೆಂಟ್ ಯಾವಾಗ ಬದಲಾಯಿಸಿದ್ದು, ಟಯರ್ ಯಾವಾಗ, 12 ವೋಲ್ಟಿನ ಬ್ಯಾಟರಿ ಯಾವ ತಿಂಗಳು ಹಾಕಿದ್ದು, ಎಲ್ಲ ದುಂಡಗಿನ ಅಕ್ಷರದಲ್ಲಿ. ಎಸಿ ಸರ್ವಿಸಿನ ಪುಟದಲ್ಲಿ ಎಣ್ಣೆಯ ಹೆಸರೂ ಇತ್ತು. ಆ ಪುಟ ನೋಡಿ ನನಗಾದ ಖುಷಿ ಭಾವನಿಗೆ ಅರ್ಥವಾಗಲಿಲ್ಲ.

ನಿನ್ನೆ ರಾತ್ರಿ ಅವರ ಫೋನು. ಗಾಬರಿಯ ದನಿ. 'ಅಲ್ವೋ, ಸ್ಟಾರ್ಟ್ ಮಾಡಿದಾಗೆಲ್ಲ ಕೆಳಗಿಂದ ಟಕ್ ಅಂತ ಸದ್ದು ಬರುತ್ತೆ. ಏನಾದರೂ ಸಡಿಲ ಆಗಿದೆಯಾ?'

'ಅದು ಬರಬೇಕು ಭಾವ,' ಅಂದೆ. 'ಬರದೇ ಇದ್ದ ದಿನ ಫೋನ್ ಮಾಡಿ.'